ಓಂಕಾಳು

ಡ್ಯಾಂಡೆನಾಂಗಿನಲ್ಲಿ ಜೂನ್ ತಿಂಗಳ ಆರು ಗಂಟೆಗೆ
ಆಗಲೇ ಕತ್ತಲು. ಶಾಲೆಯ ಲೈಬ್ರರಿಯಲ್ಲಿ
ಎಂಟು ವರ್ಷದವರ ಕುರ್ಚಿಗಳ ಮೇಲೆ
ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದೇವೆ
ಹದಿನಾಲ್ಕು ಮಂದಿ ತಂದೆ ತಾಯಿ,
ಒಬ್ಬ ಅಜ್ಜಿ, ಅವಳ ತೊಡೆಯ ಮೇಲೆ ನಿದ್ದೆಹೋದ ಕೂಸು.

ಮಿಸ್ ಟ್ರೆವೆನಾ ಹಾಳೆ ಹಂಚಿದರು.
ಕಳೆದ ಹದಿನೈದು ದಿನಗಳಲ್ಲಿ ನಿಮ್ಮ ಮಗುವಿಗೆ
ಆತಂಕವಿತ್ತೇ?
ಇಲ್ಲವೇ ಇಲ್ಲ. ಕೆಲವು ದಿನ. ಹೆಚ್ಚಿನ ದಿನ.
ಪಕ್ಕದಲ್ಲಿ ಒಂದೊಂದು ಖಾಲಿ ಚೌಕ.

ಲಾರಿ ಓಡಿಸುವ ಮಬಿಯೋರ್, ಬಾಗಿಲಷ್ಟು ಎತ್ತರದವನು,
'ಎಂಥ ಆತಂಕ? ಊಟ ಇದೆ, ಹಾಸಿಗೆ ಇದೆ,
ರಾತ್ರಿ ಬಾಗಿಲು ಒದೆಯುವವರಿಲ್ಲ' ಎಂದ.
ಯಾರೂ ಮಾತಾಡಲಿಲ್ಲ.
ತಡೆದು ತಾನೇ ಹೇಳಿದ:
'ದೀಪ ಮಾತ್ರ ಆರಿಸಗೊಡುವುದಿಲ್ಲ ಮಗ.'

ಕುಲ್ಸೂಮಳ ಫೋನಿನೊಳಗಿನ ದುಭಾಷಿ
ಕಡಿದು ಕಡಿದು ಬರುವ ದನಿಯಲ್ಲಿ ತಿಳಿಸಿದ:
ಇವರ ಕಡೆ ಅದಕ್ಕೆ ದಿಲ್‌ತಂಗ್ ಅಂತಾರೆ,
ಎದೆ ಇಕ್ಕಟ್ಟಾಗುವುದು.
ಅದಕ್ಕೆ ಚೌಕ ಯಾವುದು, ಕೇಳುತ್ತಿದ್ದಾರೆ.

'ಇದೆಲ್ಲ ದಾಖಲೆಯಲ್ಲಿ ಉಳಿಯುತ್ತದೆಯೇ?
ಮುಂದೆ ಕೆಲಸಕ್ಕೆ, ಮದುವೆಗೆ...'
ಪಕ್ಕದ ವಿಯೆಟ್ನಾಮಿನ ತಾಯಿ ಕೇಳಿದ್ದು
ನನ್ನ ಬಾಯಲ್ಲಿದ್ದ ಪ್ರಶ್ನೆಯನ್ನೇ.

ನಮ್ಮಲ್ಲಿ ಮೆಂಟ್ಲು ಅಂದರೆ ಬೈಗುಳ.
ಹರಿಹರದ ಬಸ್ ನಿಲ್ದಾಣದಲ್ಲಿ ಒಬ್ಬಳಿದ್ದಳು,
ಹುಡುಗರು ಕಲ್ಲು ಬೀರುತ್ತಿದ್ದರು.
ಹುಡುಗರು ಅಂದೆನಲ್ಲ.
ನಾನೂ ಒಂದು ಬೀರಿದ್ದೆ, ಸಣ್ಣದು.

ಮಾರ್ಚಿನಿಂದ ಪ್ರತಿ ಸೋಮವಾರ ಚರಿತಾಗೆ ಹೊಟ್ಟೆನೋವು.
ಇಲ್ಲೇ ಹುಟ್ಟಿದವಳು, ಬರುವ ಕನ್ನಡ ಒಂದು ಹಿಡಿ:
ನೀರು, ಸಾಕು, ಬೇಡ, ಅಮ್ಮಾ, ಹೊಟ್ಟೆನೋವು.
ಓಂಕಾಳು ಜಗಿಸಿದೆ.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟೆ,
ಅಲಾರಂ ಕಿರುಚಿಕೊಂಡು
ಪಕ್ಕದ ಮನೆಯ ಮುದುಕ ಚಪ್ಪಲಿಯಿಲ್ಲದೆ ಓಡಿಬಂದ.
ಸ್ಕ್ಯಾನ್ ಮಾಡಿಸಿದೆ. ಎಲ್ಲ ನಾರ್ಮಲ್.
ಸದ್ಯ, ಎಂದುಕೊಂಡು ನೈಟ್ ಶಿಫ್ಟಿಗೆ ಹೋದೆ,
ಯಾರದೋ ಅಪ್ಪನ ಹಾಸಿಗೆ ಬದಲಿಸಲು.

ಪೆನ್ನು ಹಿಡಿದು ಕೂತಾಗ ಹೊಳೆಯಿತು,
ನಮ್ಮ ಭಾಷೆ ಎಲ್ಲವನ್ನೂ ಇಟ್ಟಿರುವುದು ಅಲ್ಲೇ:
ಸಹಿಸಲಾರದ್ದು ಹೊಟ್ಟೆಯುರಿ,
ಕನಿಕರಕ್ಕೆ ಕರುಳು ಚುರ್ರೆನ್ನುವುದು,
ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು.
ಮಗಳು ಆಡಿದ್ದು ಅಪ್ಪಟ ಕನ್ನಡ.
ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡೆ.

ಯಾವ ಚೌಕಕ್ಕೂ ಗುರುತು ಹಾಕಲಿಲ್ಲ.
ಹಾಳೆಯ ಅಂಚಿನಲ್ಲಿ 'ಸೋಮವಾರಗಳು' ಎಂದಷ್ಟೇ ಬರೆದು
ಮಡಿಚಿ ಕೊಟ್ಟೆ. ಮಿಸ್ ಟ್ರೆವೆನಾ
ಆ ಲಿಪಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.
'ನಾಳೆ ಬಂದು ಓದಿ ಹೇಳುತ್ತೇನೆ' ಎಂದೆ.

ಮನೆಯಲ್ಲಿ ಅವಳಿನ್ನೂ ಎಚ್ಚರ.
ಡಬ್ಬಿ ತಂದೆ, ಅಭ್ಯಾಸಬಲ.
ಅವಳಿಗೊಂದು ಚಿಟಿಕೆ, ನನಗೊಂದು ಚಿಟಿಕೆ,
ಕತ್ತಲಲ್ಲಿ ಕೂತು ಇಬ್ಬರೂ ಜಗಿದೆವು.
ಖಾರಕ್ಕೆ ಮುಖ ಸಿಂಡರಿಸಿದಳು.
ಕೊನೆಯ ರೈಲು ನೋಬಲ್ ಪಾರ್ಕಿನ ಕಡೆ ದಾಟಿದ ಮೇಲೆ
ಒಂದು ಹೆಸರು ಹೇಳಿದಳು,
ಅವಳ ಕ್ಲಾಸಿನದು.

ಅದು ಯಾವ ದೇಶದ ಹೆಸರೆಂದು ಕೇಳಲಿಲ್ಲ ನಾನು.
ಕೇಳಬೇಕೆನ್ನಿಸಿದ್ದು ನಿಜ.