ಎಂಟನೆಯ ಗೂಟ

ಕ್ಲಾಕ್ಸ್‌ವಿಕ್ ಶಾಲೆಯ ವ್ಯಾಯಾಮದ ಕೋಣೆ.
ಕಿಟಕಿಯಾಚೆ ಅಡ್ಡಗಾಳಿ
ಕಟ್ಟಿಹಾಕಿದ ದೋಣಿಗಳನ್ನು ಒಂದಕ್ಕೊಂದು ತಾಗಿಸುತ್ತಿದೆ.
ನೆಲಕ್ಕೆ ಹಳದಿ ಟೇಪು ಅಂಟಿಸಿದ್ದೇನೆ, ಗೋಡೆಯಿಂದ ಗೋಡೆಗೆ.
ಮೇಜಿನ ಮೇಲೆ ತೂತಿನ ಹಲಗೆ, ಹನ್ನೆರಡು ಪುಟ್ಟ ಗೂಟ,
ಬಣ್ಣ ಹೋದ ಟೆನಿಸ್ ಚೆಂಡು,
ನನ್ನ ಕೊರಳಲ್ಲಿ
ಒತ್ತಿದರೆ ಓಡುವ, ಒತ್ತಿದರೆ ನಿಲ್ಲುವ ಗಡಿಯಾರ.

ಹೊಗ್ನಿ ಬಂದ. ಒಂಬತ್ತು ವರ್ಷ ಎರಡು ತಿಂಗಳು.
ಅಜ್ಜಿ ಹೆಣೆದ ಉಣ್ಣೆಯಂಗಿ ಹಿಂದುಮುಂದಾಗಿದೆ.
"ಇದು ಪರೀಕ್ಷೆಯಾ?"
ಅಲ್ಲ, ಅಂದೆ.
ಇವತ್ತಿನ ಮೊದಲ ಸುಳ್ಳು.

ಶಿಕ್ಷಕಿಯ ಚೀಟಿ ಹೇಳುತ್ತದೆ:
ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತವೆ. ಹಾಲು ಚೆಲ್ಲುತ್ತಾನೆ.
ಮನಸ್ಸಿಟ್ಟರೆ ಮಾಡಿಯಾನು.
ಈ ಕೊನೆಯ ಸಾಲನ್ನು
ಎಷ್ಟು ಕೈಬರಹಗಳಲ್ಲಿ ಓದಿದ್ದೇನೋ!
ಮನಸ್ಸಿಡದೆ ಮಾಡುವವರು ಉಳಿದ ಮಕ್ಕಳು, ಅಮ್ಮಾ.
ಇವನು ಒಂದು ಕೋಟಿನ ಗುಂಡಿಗೆ
ಇದ್ದ ಮನಸ್ಸನ್ನೆಲ್ಲ ಸುರಿಯುತ್ತಾನೆ,
ಮಗ್ಗಿಗೆ ಏನೂ ಮಿಗುವುದಿಲ್ಲ.

ಗೂಟಗಳು ಮೊದಲು. ಬಲಗೈ.
ನಾಲಿಗೆ ಹೊರಬಂದು ತುಟಿಯಂಚಿಗೆ ಒರಗುತ್ತದೆ.
ಮಡಿಲಲ್ಲಿ ಸುಮ್ಮನಿರಬೇಕಾದ ಎಡಗೈ
ಗಾಳಿಯಲ್ಲಿ ತನ್ನದೊಂದು ಗೂಟ ನೆಡುತ್ತದೆ,
ಅಣ್ಣನ ಜೊತೆ ತುಟಿಯಾಡಿಸುವ ತಮ್ಮನಂತೆ.
ಅದಕ್ಕೂ ನನ್ನ ಹಾಳೆಯಲ್ಲಿ ಚೌಕವಿದೆ. ಗುರುತು ಹಾಕಿದೆ.
ಎಂಟನೆಯದು ಜಾರಿ
ರೇಡಿಯೇಟರಿನ ಕೆಳಗೆ ಉರುಳಿತು.
ಅವನು ಗೂಟವನ್ನು ನೋಡಲಿಲ್ಲ,
ನನ್ನ ಮುಖ ನೋಡಿದ.

ಹೊಗಳಬಾರದು. ಸುಳಿವು ಕೊಡಬಾರದು.
ಪರವಾಗಿಲ್ಲ ಎನ್ನುವಷ್ಟೂ ಹುಬ್ಬು ಅಲುಗಬಾರದು.
ಹದಿನಾರು ವರ್ಷದಿಂದ ನನ್ನ ಮುಖವೂ
ಈ ಪೆಟ್ಟಿಗೆಯಲ್ಲಿ ಬರುವ ಸಾಮಾನು.

ಚೆಂಡು. ಗೋಡೆಗೆಸೆದು ಹಿಡಿಯಬೇಕು, ಹತ್ತು ಸಲ.
ಚೆಂಡು ದಾಟಿಹೋದ ಜಾಗವನ್ನು
ಎರಡೂ ಕೈ ಬಂದು ತಬ್ಬಿಕೊಳ್ಳುತ್ತವೆ,
ತಡವಾಗಿ, ಬಲು ಅಕ್ಕರೆಯಿಂದ.
ಹತ್ತಕ್ಕೆ ಎರಡು.
"ಕೈ ಕೊಡ್ತು," ಅಂದ,
ಅಜ್ಜನ ದೋಣಿಯ ಎಂಜಿನ್ನಿನ ಬಗ್ಗೆ ಹೇಳುವಂತೆ,
ದೂರಿಲ್ಲದೆ.

ಒಂಟಿಗಾಲಲ್ಲಿ ನಿಲ್ಲು ಅಂದೆ.
ನಿಂತ. ತೂಗಿದ. ಗೋಡೆ ಹಿಡಿದ.
ನಾಲ್ಕು ಸೆಕೆಂಡು.
"ಕೆಂಪು ಕೊಕ್ಕಿನ ತ್ಯಾಲ್ಡುರ್ ಹಕ್ಕಿ
ಬೇಲಿಗೂಟದ ಮೇಲೆ ಹೀಗೇ ನಿದ್ದೆ ಮಾಡುತ್ತೆ.
ಅದಕ್ಕೆ ಯಾರೂ ಗಡಿಯಾರ ಹಿಡಿಯಲ್ಲ."
ನನಗೆ ನಗು ಬಂತು. ನಿಯಮ ಮುರಿಯಿತು.
ಟೇಪಿನ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆದ;
ಐದನೆಯ ಹೆಜ್ಜೆಗೆ
ಟೇಪು ದೋಣಿಯಾಯಿತು.

ಕೂಡಿಸಿದೆ. ಕೋಷ್ಟಕದಲ್ಲಿ ಬೆರಳಿಟ್ಟು
ಅಡ್ಡ ಹೋದೆ, ಇಳಿದೆ, ಇಳಿದೆ.
ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ
ಕೆಳಗಿನಿಂದ ಮೂರನೆಯವನು.
ಈ ದ್ವೀಪದಲ್ಲಿ ಅವನ ವಯಸ್ಸಿನವರು ನೂರು ಇದ್ದಾರೋ ಇಲ್ಲವೋ.
ಗಾಳಿಯಿಲ್ಲದ ಯಾವ ಊರಲ್ಲಿ
ಅಷ್ಟು ಮಕ್ಕಳು ಅಷ್ಟು ನೆಟ್ಟಗೆ ನಿಂತರು?

ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಮಾರ್ಯುನ್ ಬಂದಳು,
ಕೈಗವಸು ಮುದುರಿ ಹಿಡಿದು.
ನಾನು ಹೆಸರು ಹೇಳಿದೆ, ಅಂಕಿ ಹೇಳಿದೆ,
ಬರೆಯಲು ಕೀಲಿಮಣೆ ಕೊಡಿಸಬಹುದು,
ಸಮಯ ಹೆಚ್ಚು ಕೇಳಬಹುದು ಅಂದೆ.
ಅವಳಿಗೆ ಬೇಕಾದದ್ದು ಒಂದೇ:
"ಸೋಮಾರಿ ಅಲ್ಲ ತಾನೆ?"
ಅಲ್ಲ, ಅಂದೆ.
ಅದೇ ಪದ. ಈ ಸಲ ನಿಜ.
"ಎರಡು ವರ್ಷ ಬೈದಿದ್ದೇನೆ," ಅಂದಳು,
ನನಗಲ್ಲ, ಕೈಗವಸಿಗೆ.

ಹೊರಗೆ ಮೆಟ್ಟಿಲ ಮೇಲೆ ಗಾಳಿ ಇಬ್ಬರನ್ನೂ ಹಿಡಿಯಿತು.
ಅವಳು ಕೈ ಕೊಟ್ಟಳು, ಅವನು ಹಿಡಿದ.
ಓಲಾಡುತ್ತ ಹೋದರು.
ಇಲ್ಲಿಂದ ನೋಡಿದರೆ
ಯಾರು ಯಾರನ್ನು ನಿಲ್ಲಿಸಿಕೊಂಡಿದ್ದಾರೆ, ತಿಳಿಯದು.

ಹಲಗೆ ಒಳಗಿಟ್ಟೆ, ಟೇಪು ಕಿತ್ತೆ.
ಹನ್ನೊಂದು ಗೂಟ.
ಮಂಡಿಯೂರಿ ರೇಡಿಯೇಟರಿನ ಕೆಳಗೆ ಬಲಗೈ ತೂರಿಸಿದೆ.
ಧೂಳು. ಯಾರದೋ ಹೇರ್‌ಪಿನ್ನು.
ಬೆರಳ ತುದಿಗೆ ಸಿಕ್ಕಿ ಮತ್ತೆ ಉರುಳಿತು.
ನಾಲಿಗೆ ಕಚ್ಚಿಕೊಂಡಿದ್ದೆ.
ನನ್ನ ಎಡಗೈ, ಯಾವಾಗ ಎದ್ದಿತೋ,
ಗಾಳಿಯಲ್ಲಿ ಇನ್ನೊಂದನ್ನು ಹುಡುಕುತ್ತಿತ್ತು.