ಐದನೆಯ ಗುಂಡಿ

ದುಲ್ಮಾ ಟೀಚರ್ ಕೂತಿದ್ದಾರೆ
ಎರಡೂ ಕೈ ತೊಡೆಯಡಿ ಅದುಮಿಕೊಂಡು,
ಬಿಟ್ಟರೆ ಓಡಿಯಾವು ಎಂಬಂತೆ.

ಎದುರಿಗೆ ಇವೇಲ್, ಒಂಬತ್ತರ ಹುಡುಗ.
ಕುರಿದೊಗಲ ನಿಲುವಂಗಿ, ಐದು ಗಂಟುಗುಂಡಿ,
ಹೇಳಿದ ಮಾತು ಕೇಳದ ಬೆರಳು.

ಕಿಟಕಿಯಾಚೆ ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ.
ಬಾಗಿಲಲ್ಲಿ ಅವನಮ್ಮನ ಚಡಪಡಿಕೆ:
"ನಾನಾದರೆ ಚಿಟಿಕೆ ಹೊಡೆಯುವುದರಲ್ಲಿ..."
"ಗೊತ್ತಮ್ಮ. ಅದಕ್ಕೇ ಇದು ಶಾಲೆ."

ಗುಂಡಿ ಜಾರಿತು. ಮತ್ತೆ ಜಾರಿತು.
ಉಪ್ಪು ಹಾಕಿದ ಹಾಲುಚಹಾ
ಕೆನೆಗಟ್ಟಿ ತಣ್ಣಗಾಯಿತು.
ಬಸ್ಸೊಂದು ಹೋಯಿತು; ಇನ್ನೊಂದೂ.

ನಾಲ್ಕು ಸೇರಿದವು.
ಐದನೆಯದು ನಾಳೆಗೆ.

ಬೀದಿಗಿಳಿದ ಮೇಲೆ
ಅಮ್ಮನ ಕೈ ಅವನ ಪಕ್ಕೆಯತ್ತ ಹೋಯಿತು,
ತೆರೆದೇ ಇದ್ದ ಆ ಒಂದರ ಕಡೆಗೆ;

ಅರ್ಧ ದಾರಿಯಲ್ಲಿ ನಿಂತು
ತನ್ನದೇ ಜೇಬು ಹೊಕ್ಕಿತು.