ದಿಂಬಂ ಇಳಿಜಾರಿಗೆ

ಕೆಂಪು ಕ್ಯಾಲಿಪರೇ ಬೇಕೆಂದು ಹೋದೆ.
ತೂತು ಕೊರೆದ ಡಿಸ್ಕು ಚಕ್ರದ ಸಂದಿಯಲ್ಲಿ ಮಿಂಚಬೇಕು,
ಚಿಪ್ ಹಾಕಿಸಿದ ಟರ್ಬೊ ಪೋಲೊಗೆ ತಕ್ಕ ಒಡವೆ.

ತಾಳವಾಡಿಯ ಬೆಳ್ಳಶೆಟ್ಟಿ ಮುಚ್ಚಳ ತಿರುಗಿಸಿ
ಬ್ರೇಕ್ ಆಯಿಲಿಗೆ ಬೆರಳದ್ದಿ ಬೆಳಕಿಗೆ ಹಿಡಿದ:
"ಕಾಪಿ ಡಿಕಾಕ್ಷನ್ ಆಗದ ಕಣಪ್ಪ.
ಇದು ಕುದ್ದು ಗುಳ್ಳೆ ಎದ್ರ
ಪೆಡಲು ಸೀದಾ ನೆಲಕ್ಕ."

ನನಗೆ ಗೊತ್ತಿತ್ತು. ಹೋದ ತಿಂಗಳು
ಒಂಬತ್ತನೇ ತಿರುವಿನಲ್ಲಿ ಕಾಲು ಸ್ಪಂಜಿಗೆ ಇಳಿದದ್ದು,
ಹ್ಯಾಂಡ್‌ಬ್ರೇಕ್ ಎಳೆದದ್ದು, ಸುಟ್ಟ ವಾಸನೆ,
ತಂಗಿ ಸತ್ಯಮಂಗಲದವರೆಗೂ ತುಟಿ ಬಿಚ್ಚದ್ದು.
ಅವನಿಗೆ ಹೇಳಿರಲಿಲ್ಲ.

"ರೇಸಿನ ಪ್ಯಾಡ್ ಹಾಕು."
"ಅದು ಕಾದ ಮೇಲ ಕಚ್ಚೋದು.
ಬೆಳಗ್ಗೆ ಡೈರಿಗ ಹಾಲು ಹಾಕಕ್ಕ ಹೋಗುವಾಗ
ಎಲ್ಲಿ ಕಾಯಿಸ್ತೀಯ?"

ಕೊನೆಗೆ ಹಾಕಿದ್ದು ರಸ್ತೆಯ ಪ್ಯಾಡು, ತೂತಿಲ್ಲದ ಡಿಸ್ಕು,
ಉಕ್ಕಿನ ಹೆಣಿಗೆಯ ಹೋಸು, ಹರಳೆಣ್ಣೆ ಬಣ್ಣದ ಹೊಸ ಆಯಿಲು.
ಹೊರಗಿನಿಂದ ಏನೂ ಕಾಣದು.

ಹಾಸನೂರು ದಾರಿಯಲ್ಲಿ ಪ್ಯಾಡು ಪಳಗಿಸಿದೆ:
ಅರವತ್ತರಿಂದ ಹತ್ತಕ್ಕೆ, ಮತ್ತೆ ಅರವತ್ತು,
ಹನ್ನೆರಡು ಸಲ. ಮೇಕೆ ಕಾಯುವ ಮುದುಕಿ
"ಏನ ಬೀಳಿಸ್ಕಂಡ ಮಗ?" ಅಂದಳು.

ಆಮೇಲೆ ಘಾಟಿ. ಆರನೇ ತಿರುವು.
ಲಾರಿ ಉದುರಿಸಿಹೋದ ಕಬ್ಬಿನ ಜಲ್ಲೆ,
ಅದರ ಮುಂದೆ ಆನೆ, ಕಾಲ ಸಂದಿಯಲ್ಲಿ ಮರಿ.
ಕಾರು ಮೂತಿ ತಗ್ಗಿಸಿ ನೆಟ್ಟಗೆ ನಿಂತಿತು.
ಆನೆ ತಲೆಯೆತ್ತಲೂ ಇಲ್ಲ,
ಒಂದೊಂದೇ ಗೆಣ್ಣು ಮುರಿದು ತಿಂದಿತು.
ಬಿಸಿ ಡಿಸ್ಕು ಟಿಕ್ ಟಿಕ್ ಎನ್ನುತ್ತಿತ್ತು.

"ಕಾದ ಡಿಸ್ಕಿನ ಮೇಲ ಕಾಲೊತ್ಕಂಡು ನಿಲ್ಲಬ್ಯಾಡ,
ಅಚ್ಚು ಬೀಳ್ತದ" ಅಂದಿದ್ದ ಬೆಳ್ಳಶೆಟ್ಟಿ.
ಒತ್ತಿಕೊಂಡೇ ಇದ್ದೆ, ಅರ್ಧ ಗಂಟೆ.

ಈಗ ವೇಗ ತಗ್ಗಿಸಿದಾಗಲೆಲ್ಲ
ಸ್ಟೀರಿಂಗಿನಲ್ಲಿ ಸಣ್ಣದೊಂದು ನಡುಕ.
ತೆಗೆಸಿಲ್ಲ.